ಬಿದ್ದವರ ದುಡ್ಡು

ಊರಿನವರೆಲ್ಲ ಅವನನ್ನು ಕೊಕ್ಕೆ ಅಂತಲೇ ಕರೆಯುತ್ತಿದ್ದರು. ರಸ್ತೆಯಿಂದ ಜಾರಿ ಕೆಳಗೆ ಬಿದ್ದ ಗಾಡಿಗಳಿಗೆ ಕೊಕ್ಕೆ ಸಿಕ್ಕಿಸಿ, ಉಕ್ಕಿನ ಹಗ್ಗದಿಂದ ಮೇಲಕ್ಕೆಳೆದು ತರುವುದು ಅವನ ಕೆಲಸ. ಅವನ ಹೆಂಡತಿಯ ಅಣ್ಣ ಊರಂಚಿನಲ್ಲಿ ಗ್ಯಾರೇಜು ಇಟ್ಟಿದ್ದ. ಕ್ರೇನು ಭಾವನದು, ಬೆವರು ಕೊಕ್ಕೆಯದು. ಸಂಬಳ ಅಂತ ಏನೂ ಇರಲಿಲ್ಲ. ಗಾಡಿ ಎತ್ತಿ ತಂದರೆ ಬಾಡಿಗೆಯಲ್ಲಿ ಒಂದು ಪಾಲು, ತರದಿದ್ದರೆ ಸೊನ್ನೆ.

ಊರಿನಿಂದ ಗುಡ್ಡ ಇಳಿಯುವ ರಸ್ತೆಗೆ ಏಳು ತಿರುವು. ಅದರಲ್ಲಿ ಆರು ಸಾಧು. ಮೂರನೆಯದರ ಬಗ್ಗೆ ಮಾತ್ರ ಊರವರು ಮಾತಾಡುವಾಗ ದನಿ ತಗ್ಗಿಸುತ್ತಿದ್ದರು. ಒಣ ದಿನಗಳಲ್ಲಿ ತಿಂಗಳಿಗೆ ಒಂದೋ ಎರಡೋ ಗಾಡಿ ಅಲ್ಲಿ ಜಾರುತ್ತಿತ್ತು, ಮಳೆ ಹಿಡಿದರೆ ವಾರಕ್ಕೆ ಮೂರು. ಕೆಳಗಿನ ಇಳಿಜಾರಿನಲ್ಲಿ ದಟ್ಟ ಪೊದೆ ಇದ್ದುದರಿಂದ ಜೀವ ಹೋಗುವುದು ಅಪರೂಪ. ಕೈ ಮುರಿಯುತ್ತಿತ್ತು, ಹಣೆ ಒಡೆಯುತ್ತಿತ್ತು, ಗಾಡಿ ನಜ್ಜುಗುಜ್ಜಾಗುತ್ತಿತ್ತು. ಹೀಗೆ ಮೂರು ಜನರ ಒಂದು ಸಂಸಾರ ಆ ತಿರುವಿನ ಮೇಲೆ ನಿಂತಿತ್ತು. ಕೊಕ್ಕೆಯ ಹೆಂಡತಿ ಬ್ರೆಡ್ಡಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಅವಳದು ದಿನಗೂಲಿ. ಆ ಕೂಲಿ ಮನೆ ಬಾಡಿಗೆಗೆ ಸರಿಹೋಗುತ್ತಿತ್ತು, ಉಳಿದದ್ದೆಲ್ಲ ಬಿದ್ದವರ ದುಡ್ಡಿನಿಂದಲೇ ಆಗಬೇಕಿತ್ತು.

ಒಂದು ಬೆಳಗ್ಗೆ ಎಂಟು ವರ್ಷದ ಮಗಳು ಕಿಟಕಿಗೆ ಮೂಗು ಒತ್ತಿಕೊಂಡು ಹೊರಗೆ ನೋಡುತ್ತ ನಿಂತಿದ್ದಳು. ಅವಳ ಶಾಲೆಯ ಬೂಟಿನ ಅಡಿ ಕಿತ್ತು ಬಂದಿತ್ತು. ಮುಂದಿನ ವಾರ ಕೊಡಿಸುತ್ತೇನೆಂದು ಕೊಕ್ಕೆ ಮೂರು ವಾರದಿಂದ ಹೇಳುತ್ತಿದ್ದ. ಹೊರಗೆ ಮೋಡ ಕವಿದಿತ್ತು.

"ಅಪ್ಪಾ, ಮಳೆ ಬರೋ ಹಾಗಿದೆ. ಇವತ್ತು ಯಾರಾದ್ರೂ ಬೀಳ್ತಾರಾ?"

ಕೊಕ್ಕೆ ನಕ್ಕುಬಿಟ್ಟ. "ಬಿದ್ರೆ ಸಂಜೆಗೇ ಬೂಟು."

ಒಲೆಯ ಮುಂದಿದ್ದ ಹೆಂಡತಿ ತಿರುಗಿ ಇಬ್ಬರನ್ನೂ ನೋಡಿದಳು. ಮಗಳನ್ನು ಹತ್ತಿರ ಕರೆದು, ಅಗತ್ಯಕ್ಕಿಂತ ಬಿಗಿಯಾಗಿ ಜಡೆ ಹಾಕಿದಳು.

ಆ ವರ್ಷವೇ ಪುರಸಭೆಯ ಗೋಡೆಯ ಮೇಲೆ ಒಂದು ಪ್ರಕಟಣೆ ಬಿತ್ತು. ಖಾತ್ರಿ ಆದಾಯ ಎಂಬ ಪ್ರಯೋಗಕ್ಕೆ ಈ ಊರನ್ನು ಆರಿಸಿದ್ದಾರೆ. ಊರಿನ ಗಡಿಯೊಳಗೆ ವಾಸವಿರುವ, ಹದಿನೆಂಟು ದಾಟಿದ ಪ್ರತಿಯೊಬ್ಬರ ಖಾತೆಗೂ ಎರಡು ವರ್ಷ, ತಿಂಗಳ ಮೊದಲ ದಿನ, ಒಂದೇ ಸಮನಾದ ಹಣ ಬೀಳುತ್ತದೆ. ಕೆಲಸ ಇದೆಯೋ ಇಲ್ಲವೋ, ಬಡವನೋ ಬಲ್ಲಿದನೋ ಯಾರೂ ಕೇಳುವುದಿಲ್ಲ. ಯಾರಿಗೂ ನಂಬಿಕೆ ಬರಲಿಲ್ಲ. ಕ್ಷೌರದಂಗಡಿಯಲ್ಲಿ ಅದಕ್ಕೆ ಸುಮ್ನೆ ದುಡ್ಡು ಅಂತ ಹೆಸರಿಟ್ಟರು. ಮೊದಲ ತಿಂಗಳು ಹಣ ನಿಜವಾಗಿಯೂ ಬಂದಾಗ ಅರ್ಧ ಊರು ಬ್ಯಾಂಕಿನ ಮುಂದೆ ಸಾಲು ನಿಂತಿತು, ಎಲ್ಲಿ ವಾಪಸ್ ತಗೊಂಡುಬಿಡುತ್ತಾರೋ ಎಂಬ ಭಯದಿಂದ.

ಭಾನುವಾರ ಊಟಕ್ಕೆ ಬಂದಿದ್ದ ಭಾವ ಕೈ ತೊಳೆಯುತ್ತ ಹೇಳಿದ, "ಇದು ಊರು ಹಾಳಾಗೋ ದಾರಿ. ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲಲ್ಲ. ನಾಳೆಯಿಂದ ಒಬ್ಬನೂ ಕೆಲಸಕ್ಕೆ ಬರಲ್ಲ, ನೋಡ್ತಿರಿ."

"ನಿನ್ನ ಮನೆ ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೀಯಲ್ಲ ಅಣ್ಣ," ತಂಗಿ ಕೇಳಿದಳು, "ನೀನು ಗೊರಕೆ ಹೊಡೀತಿದ್ರೂ ಆ ಬಾಡಿಗೆ ಬರುತ್ತೆ. ಅದರಿಂದ ನೀನೇನು ಸೋಮಾರಿ ಆದ್ಯಾ?"

"ಅದು ಬೇರೆ. ಅದು ನನ್ನ ಗೋಡೆ ದುಡಿದಿದ್ದು."

"ಹಾಗಾದ್ರೆ ಇದು ನಮ್ಮ ಹೊಟ್ಟೆ ದುಡಿದಿದ್ದು ಅಂದ್ಕೋ," ಅಂದಳು ಅವಳು. ಭಾವನೂ ನಕ್ಕ. ಆಗಿನ್ನೂ ನಗುವುದು ಸುಲಭವಿತ್ತು.

ಗಂಡಹೆಂಡಿರ ಎರಡು ಪಾಲು ಸೇರಿದರೆ ದಿನಸಿ, ದೀಪದ ಬಿಲ್ಲು, ಶಾಲೆಯ ಖರ್ಚು ಕಳೆದು ಸ್ವಲ್ಪ ಚಿಲ್ಲರೆ ಉಳಿಯುತ್ತಿತ್ತು. ಮಗಳ ಕಾಲಿಗೆ ಹೊಸ ಬೂಟು ಬಂತು. ಹೆಂಡತಿ ಒಂದು ಹಲ್ಲು ಕೀಳಿಸಿಕೊಂಡಳು. ಕೊಕ್ಕೆಯ ಬದುಕಿನಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಬದಲಾಗಲಿಲ್ಲ. ಭಾವ ಫೋನು ಮಾಡಿದರೆ ಮೊದಲಿನಂತೆಯೇ ಕ್ರೇನು ಹತ್ತುತ್ತಿದ್ದ. ಆದರೆ ಫೋನು ಬರದ ದಿನ ಈಗ ಎದೆ ಬಡಿದುಕೊಳ್ಳುತ್ತಿರಲಿಲ್ಲ. ಹಿಂದೆ ಮಳೆಯ ಸದ್ದು ಕೇಳಿದರೆ ಸಾಕು, ಅವನ ಕಿವಿ ತಾನಾಗಿಯೇ ಫೋನಿನ ಕಡೆ ಹೊರಳುತ್ತಿತ್ತು. ಒಂದು ಬೆಳಗ್ಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ತಾನು ಚಹಾ ಕುಡಿಯುತ್ತ ಬರೀ ಮಳೆ ನೋಡುತ್ತಿದ್ದೇನೆಂದು ಅವನಿಗೆ ಥಟ್ಟನೆ ಹೊಳೆಯಿತು. ಏನೋ ಕಳೆದುಹೋದ ಹಾಗಾಗಿ ಜೇಬು ಮುಟ್ಟಿ ನೋಡಿಕೊಂಡ. ಫೋನು ಇತ್ತು.

ಐದನೆಯ ತಿಂಗಳಲ್ಲಿ ಮೊಟ್ಟೆಯವಳ ವ್ಯಾನು ಬಿತ್ತು.

ಮೊಟ್ಟೆಯವಳು ಗುಡ್ಡದ ಕೆಳಗಿನ ಹಳ್ಳಿಯವಳು. ಊರಿನ ಗಡಿಯ ಆಚೆಯವಳಾದ್ದರಿಂದ ಸುಮ್ನೆ ದುಡ್ಡು ಅವಳಿಗಿರಲಿಲ್ಲ. ದಿನಾ ಬೆಳಗ್ಗೆ ಹಳೆಯ ವ್ಯಾನಿನಲ್ಲಿ ಅಂಗಡಿಗಳಿಗೆ ಮೊಟ್ಟೆ ಕೊಟ್ಟು ಹೋಗುತ್ತಿದ್ದಳು. ಕೊಕ್ಕೆ ಹೋದಾಗ ವ್ಯಾನು ಪೊದೆಯಲ್ಲಿ ಮಗ್ಗುಲಾಗಿ ಮಲಗಿತ್ತು. ಇಳಿಜಾರಿನುದ್ದಕ್ಕೂ ಮೊಟ್ಟೆಯ ಲೋಳೆ ಹರಿದು, ಹುಲ್ಲೆಲ್ಲ ಹಳದಿಯಾಗಿತ್ತು. ಆಕೆ ಕಲ್ಲೊಂದರ ಮೇಲೆ ಕೂತು, ಒಡೆಯದೆ ಉಳಿದ ಒಂದೇ ಒಂದು ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು.

"ಬಂದ್ಯಾ?" ಅಂದಳು ಅವನನ್ನು ಕಂಡು. "ನನ್ನ ಸಂಪಾದನೆ ಇಲ್ಲಿ ನೆಲದ ಮೇಲಿದೆ ನೋಡು. ಇನ್ನು ನಿನ್ನ ಸಂಪಾದನೆ ಶುರು."

ಹಾಗೆ ಅನ್ನಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ಹಗ್ಗ ಬಿಚ್ಚಿದ. ವ್ಯಾನಿನ ಕೆಳಗೆ ತೂರಿ ಕೊಕ್ಕೆ ಸಿಕ್ಕಿಸಿ ಮೇಲೆ ರಸ್ತೆಗೆ ಬರುವಾಗ ಅಂಗಾಲಿನ ಅಡಿ ಸಣ್ಣ ಜಲ್ಲಿ ಉರುಳಿ ಅವನೇ ಜಾರಿ ಮಂಡಿಯೂರಿದ. ಮಂಡಿಯೂರಿದವನು ಹಾಗೇ ಸುತ್ತ ನೋಡಿದ. ರಸ್ತೆಯ ಮೇಲುಬದಿಯ ಚರಂಡಿ ಮಣ್ಣು, ಎಲೆ ತುಂಬಿ ಕಟ್ಟಿಕೊಂಡಿತ್ತು. ನೀರು ಹೋಗಲು ದಾರಿಯಿಲ್ಲದೆ ರಸ್ತೆಯ ಮೇಲೆ ಹಾಯುತ್ತಿತ್ತು. ಗುಡ್ಡದ ಜಲ್ಲಿಯನ್ನೆಲ್ಲ ತಂದು ಸರಿಯಾಗಿ ತಿರುವಿನ ನಡುವೆ ಹರಡುತ್ತಿತ್ತು. ಎದುರಿನ ಗಾಡಿ ಕಾಣಲೆಂದು ನಿಲ್ಲಿಸಿದ್ದ ದುಂಡುಕನ್ನಡಿಯ ಮೇಲೆ ಮರದ ಕೊಂಬೆ ಬೆಳೆದು ಮುಚ್ಚಿತ್ತು.

ಇದೆಲ್ಲ ಅವನಿಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು. ಆ ಜಲ್ಲಿಯ ಮೇಲೆ ಕ್ರೇನಿನ ಚಕ್ರ ಜಾರದಂತೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವನು ಮೊದಲ ವರ್ಷವೇ ಕಲಿತಿದ್ದ. ಗೊತ್ತಿದ್ದದ್ದನ್ನು ಒಮ್ಮೆಯೂ ಯೋಚಿಸಿರಲಿಲ್ಲ, ಅಷ್ಟೆ.

ಅಂದು ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಬಟ್ಟೆ ಮಡಿಸುತ್ತಿದ್ದಳು.

"ನಿಮಗೆ ಗೊತ್ತಿತ್ತು ಅಂತ ನನಗೆ ಗೊತ್ತಿತ್ತು," ಅಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಉಣ್ಣೋದೇನು?" ಮಡಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಇನ್ನೊಮ್ಮೆ ಮಡಿಸಿದಳು. "ಆ ಬೂಟಿನ ಮಾತು ಕೇಳಿದ ದಿನ ಹೇಳ್ಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗ್ಕೊಂಡೆ."

ಅದರ ಮುಂದಿನ ಭಾನುವಾರ ಬೆಳಗ್ಗೆ ಕೊಕ್ಕೆ ಸಲಿಕೆ, ಗುದ್ದಲಿ, ಕೊಡಲಿ ಹೊತ್ತು ಮೂರನೆಯ ತಿರುವಿಗೆ ಹೋದ. ಕೊಂಬೆ ಕಡಿದ. ಕನ್ನಡಿ ಒರೆಸಿದ. ಚರಂಡಿ ಒಂದು ದಿನದಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಮೂರು ಭಾನುವಾರ ಹಿಡಿಯಿತು. ಎರಡನೆಯ ಭಾನುವಾರ ಹೆಂಡತಿಯೂ ಬಂದು ಬುಟ್ಟಿಯಲ್ಲಿ ಮಣ್ಣು ಹೊತ್ತಳು. ದಾಟಿಹೋಗುವ ಗಾಡಿಯವರು ಇವರು ಏನೋ ಶಿಕ್ಷೆ ಅನುಭವಿಸುತ್ತಿದ್ದಾರೆಂದು ತಿಳಿದು ಕನಿಕರದಿಂದ ನೋಡುತ್ತಿದ್ದರು.

ಆದರೂ ಜೋರು ಮಳೆಗೆ ನೀರು ಮತ್ತೆ ಹಾಯಿತು. ನೀರು ಚರಂಡಿಗೆ ಇಳಿಯುವಂತೆ ಇರಬೇಕಾದ ರಸ್ತೆಯ ಓರೆಯೇ ತಪ್ಪಾಗಿತ್ತು. ಅದು ಸಲಿಕೆಯ ಕೆಲಸವಲ್ಲ. ಕೊಕ್ಕೆ ರಸ್ತೆ ಇಲಾಖೆಯ ಕಚೇರಿಗೆ ಹೋದ. ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ, "ನೀವು ಕೊಕ್ಕೆ ಅಲ್ವಾ? ರಸ್ತೆ ಸರಿಯಾದ್ರೆ ನಿಮ್ಮ ಗತಿ ಏನ್ರೀ?" ಅಂದ.

"ಅದನ್ನ ನಾನು ನೋಡ್ಕೋತೀನಿ. ನೀವು ರಸ್ತೆ ನೋಡ್ಕೊಳ್ಳಿ," ಅಂದ ಕೊಕ್ಕೆ.

ನಾಲ್ಕು ಸಲ ಅಲೆದ ಮೇಲೆ ಒಬ್ಬ ಇಂಜಿನಿಯರಮ್ಮ ಜಾಗ ನೋಡಲು ಬಂದಳು. ಚಿಕ್ಕ ವಯಸ್ಸು, ಬೂಟಿಗೆ ಕೆಸರಾದೀತೆಂಬ ಚಿಂತೆಯಿಲ್ಲದವಳು. "ಇಲ್ಲಿ ಎಷ್ಟು ಬಿದ್ದಿರಬಹುದು?" ಅಂತ ಕೇಳಿದಳು. ಕೊಕ್ಕೆ ಅಂಚಿನುದ್ದಕ್ಕೂ ನಡೆಯುತ್ತ ತೋರಿಸತೊಡಗಿದ. "ಇಲ್ಲಿ ಬಿಳೀ ಕಾರು, ಒಳಗೆ ಗಂಡಹೆಂಡ್ತಿ. ಆ ಮರದ ಬುಡದ ಹತ್ತಿರ ಹಾಲಿನ ಲಾರಿ. ಅಲ್ಲಿ ಕೆಳಗೆ ಒಬ್ಬ ಮೇಷ್ಟ್ರ ಸ್ಕೂಟರು, ಹಿಂದೆ ತಾಯಿ ಕೂತಿದ್ರು. ಇದೇ ಕಲ್ಲಿಗೆ ಎರಡು ಸಲ ಎರಡು ಗಾಡಿ..." ತಿರುವಿನ ಆ ಕೊನೆ ಮುಟ್ಟುವ ಹೊತ್ತಿಗೆ ಇಂಜಿನಿಯರಮ್ಮ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡುತ್ತಿದ್ದಳು. ಇಷ್ಟೊಂದು ತನಗೆ ನೆನಪಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಸುದ್ದಿ ಗ್ಯಾರೇಜು ಮುಟ್ಟಲು ಎಷ್ಟು ಹೊತ್ತು? ಮರುದಿನ ಭಾವ ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಚರಂಡಿ ಚೆನ್ನಾಗಿ ತೊಳೆದ್ಯಂತೆ."

"ಹೌದು ಭಾವ."

"ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ ಅಲ್ವಾ?" ಭಾವ ಕೈಯಲ್ಲಿದ್ದ ಗ್ರೀಸಿನ ಬಟ್ಟೆಯನ್ನು ಹಿಂಡುತ್ತಲೇ ಇದ್ದ. "ನಾನೇನು ಜನ ಬೀಳ್ಲಿ ಅಂತ ರಸ್ತೆಗೆ ಎಣ್ಣೆ ಸುರಿದಿದ್ದೀನಾ? ಬಿದ್ದೋರನ್ನ ಎತ್ತುತೀವಿ. ಒಳ್ಳೆ ಕೆಲಸಾನೇ. ಈ ಶೆಡ್ಡಲ್ಲಿ ನಾಲ್ಕು ಜನ ಮೆಕ್ಯಾನಿಕ್ ಇದ್ದಾರೆ. ಕ್ರೇನಿನ ಕಂತು ಇನ್ನೂ ಮೂರು ವರ್ಷ ಇದೆ. ಇದಕ್ಕೆಲ್ಲ ನಿನ್ನ ಸುಮ್ನೆ ದುಡ್ಡು ಸಾಕಾಗುತ್ತಾ?"

"ಇಲ್ಲ."

"ಮತ್ತೆ?"

ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಆ ಮೊಟ್ಟೆಯವಳ ವ್ಯಾನು ಇನ್ನೂ ಇಲ್ಲೇ ನಿಂತಿದೆ, ಬಿಡಿಸ್ಕೊಳ್ಳೋಕೆ ಅವಳ ಹತ್ರ ದುಡ್ಡಿಲ್ಲ. ನನ್ನ ಪಾಲು ಬಿಟ್ಟುಬಿಡಿ, ವ್ಯಾನು ಕೊಟ್ಟುಬಿಡಿ," ಅಂದ ಕೊಕ್ಕೆ. ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿರಲಿಲ್ಲ.

ಭಾವ ಅವನನ್ನು ದಿಟ್ಟಿಸಿ, ಕೈ ಚಾಚಿದ. "ಬೀಗದ ಕೈ."

ಕೊಕ್ಕೆ ಕ್ರೇನಿನ ಬೀಗದ ಕೈ ಕೊಟ್ಟು ಮನೆಗೆ ನಡೆದ. ವ್ಯಾನನ್ನು ಮಾತ್ರ ಭಾವ ಮರುದಿನ ಬಿಟ್ಟುಕೊಟ್ಟ, ತನ್ನ ಪಾಲನ್ನೂ ಕೇಳದೆ. ಕೆಟ್ಟವನಾಗಿದ್ದರೆ ದ್ವೇಷಿಸುವುದಕ್ಕಾದರೂ ಅನುಕೂಲವಾಗುತ್ತಿತ್ತು ಎಂದುಕೊಂಡ ಕೊಕ್ಕೆ.

ಹೆಂಡತಿಯ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯದು. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ಕಟ್ಟಿಕೊಂಡವನು. ಭಾನುವಾರದ ಊಟಕ್ಕೆ ಅಣ್ಣ ಬರುವುದು ನಿಂತಿತು. ಅವಳು ಮಾತ್ರ ಅಭ್ಯಾಸಬಲದಿಂದ ಒಂದು ತಟ್ಟೆ ಹೆಚ್ಚಿಗೆ ತೆಗೆದಿಟ್ಟು ಮತ್ತೆ ಒಳಗಿಡುತ್ತಿದ್ದಳು.

ಮುಂದಿನ ಹತ್ತು ತಿಂಗಳು ಅವಳ ಕೂಲಿ ಮತ್ತು ಇಬ್ಬರ ಸುಮ್ನೆ ದುಡ್ಡಿನಲ್ಲಿ ಮನೆ ನಡೆಯಿತು. ಹಸಿವಿರಲಿಲ್ಲ, ಹಾಗಂತ ಸುಖವೂ ಇರಲಿಲ್ಲ. ಕೊಕ್ಕೆ ಅಡುಗೆ ಕಲಿತ, ಕೆಟ್ಟದಾಗಿ. ಮಗಳನ್ನು ಶಾಲೆಗೆ ಬಿಟ್ಟು ಬಂದು ಮನೆಯಲ್ಲಿ ಕೂತರೆ ಗೋಡೆಗಳು ತನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು. ಕೆಲಸವಿಲ್ಲದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಸಿಕ್ಕಿದ ಚಿಲ್ಲರೆ ಕೆಲಸ ಮಾಡಿದ: ಬಾಗಿಲಿನ ಬಿಜಾಗರಿ, ನೀರಿನ ಪಂಪು. ಕೊಟ್ಟಷ್ಟು ತಗೊಂಡ. ಬಹಳ ವರ್ಷದ ಮೇಲೆ, ಒಲ್ಲದ ಕೆಲಸವನ್ನು ಒಲ್ಲೆ ಅನ್ನಲೂ ಕಲಿತ.

ಈ ನಡುವೆ ಇಲಾಖೆಯವರು ಬಂದು ತಿರುವಿನ ಓರೆ ತಿದ್ದಿದರು, ದೊಡ್ಡ ಮೋರಿ ಹಾಕಿದರು, ಅಂಚಿಗೆ ಕಂಬ ನೆಟ್ಟರು. ಆ ಮಳೆಗಾಲದುದ್ದಕ್ಕೂ ಒಂದೇ ಗಾಡಿ ಬಿತ್ತು, ಅದೂ ಕುಡಿದವನದು.

ಗ್ಯಾರೇಜು ಸೊರಗಿತು. ಒಬ್ಬ ಮೆಕ್ಯಾನಿಕ್ ಬಿಟ್ಟುಹೋದ. ಹೆಂಡತಿಗೆ ಇದು ಗೊತ್ತಾಗಿ, ಒಂದು ದಿನ ಕಾರ್ಖಾನೆಯಿಂದ ನೇರ ಅಣ್ಣನಲ್ಲಿಗೆ ಹೋದಳು. ಬ್ರೆಡ್ಡಿನ ಕಾರ್ಖಾನೆಗೆ ಹನ್ನೊಂದು ವ್ಯಾನು. ಒಂದಲ್ಲ ಒಂದು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು, ಬ್ರೆಡ್ಡು ಒಣಗುತ್ತಿತ್ತು, ಮ್ಯಾನೇಜರು ಎಲ್ಲರ ಮೇಲೆ ಹರಿಹಾಯುತ್ತಿದ್ದ.

"ಕೆಟ್ಟ ಮೇಲೆ ರಿಪೇರಿ ಅಲ್ಲ ಅಣ್ಣ. ಕೆಡದ ಹಾಗೆ ನೋಡ್ಕೊಳ್ಳೋಕೆ ತಿಂಗಳಿಗೆ ಇಷ್ಟು ಅಂತ ಕೇಳು. ನಾನು ಮ್ಯಾನೇಜರ ಕಿವಿಗೆ ಹಾಕಿದ್ದೀನಿ."

"ಕೆಡದೇ ಇರೋದಕ್ಕೆ ಯಾರು ದುಡ್ಡು ಕೊಡ್ತಾರೆ?" ಅಂದನಂತೆ ಅಣ್ಣ.

"ಕೇಳಿ ನೋಡು. ಕೇಳೋದಕ್ಕೆ ಕಂತು ಕಟ್ಟಬೇಕಾಗಿಲ್ಲ."

ಮ್ಯಾನೇಜರು ಒಪ್ಪಿದ. ಆಮೇಲೆ ಶಾಲೆಯ ಎರಡು ಬಸ್ಸೂ ಸೇರಿದವು. ಒಂದು ಬೆಳಗ್ಗೆ ಭಾವ ಕೊಕ್ಕೆಯ ಬಾಗಿಲಿಗೆ ಬಂದು, ಒಳಗೆ ಬರದೆ, ಹೊಸ್ತಿಲಲ್ಲೇ ನಿಂತು ಹೇಳಿದ, "ವ್ಯಾನು ನೋಡ್ಕೊಳ್ಳೋಕೆ ಕೈ ಬೇಕು. ತಿಂಗಳ ಸಂಬಳ. ದೊಡ್ಡ ಮಳೆಗಾಲದಲ್ಲಿ ನಿನಗೆ ಸಿಗ್ತಿದ್ದಷ್ಟೇನೂ ಅಲ್ಲ."

"ಬರ್ತೀನಿ ಭಾವ. ಚಹಾ?"

"ಇನ್ನೊಂದಿನ," ಅಂದ ಭಾವ. ಆ ಇನ್ನೊಂದು ದಿನ ಬರಲು ಮತ್ತೆ ಮೂರು ತಿಂಗಳು ಹಿಡಿಯಿತು.

ಎರಡು ವರ್ಷ ತುಂಬುತ್ತ ಬಂದಾಗ ಪುರಸಭೆಯವರು ಒಂದು ಭಾನುವಾರ ಬೆಳಗ್ಗೆ ಶಾಲೆಯ ಸಭಾಂಗಣದಲ್ಲಿ ಸಭೆ ಕರೆದರು. ಪ್ರಯೋಗ ಮುಂದುವರಿಸಬೇಕೋ ಬೇಡವೋ, ಜನ ಹೇಳಲಿ ಎಂದರು. ಕ್ಷೌರಿಕ ಎದ್ದು ಗಿರಾಕಿಗಳು ಹೆಚ್ಚಾಗಿದ್ದಾರೆ ಅಂದ. ಅಂಗಡಿಯವನೊಬ್ಬ ಕೆಲಸಕ್ಕೆ ಆಳು ಸಿಗುತ್ತಿಲ್ಲ ಅಂದ. "ನೀನು ಕೊಡೋ ಕೂಲಿಗೆ ಇಲಿಯೂ ಬರಲ್ಲ," ಅಂತ ಹಿಂದಿನಿಂದ ಯಾರೋ ಕೂಗಿ ಎಲ್ಲರೂ ನಕ್ಕರು. ಪಿಂಚಣಿಯವರೊಬ್ಬರು ದುಡಿಯದೆ ಬಂದ ಹಣಕ್ಕೆ ಮರ್ಯಾದೆ ಇಲ್ಲ ಅಂದರು.

ಕೊಕ್ಕೆ ಎದ್ದು ನಿಂತ. ಹೆಂಡತಿ ಬೆರಗಾಗಿ ನೋಡಿದಳು. ಮಾತಾಡುತ್ತೇನೆಂದು ಅವನು ಮನೆಯಲ್ಲಿ ಹೇಳಿರಲಿಲ್ಲ.

"ನಾನು ಬಿದ್ದ ಗಾಡಿ ಎತ್ತುತಿದ್ದವನು," ಅಂದ. "ಯಾರಾದ್ರೂ ಬಿದ್ರೆ ನಮ್ಮನೇಲಿ ಒಲೆ ಉರೀತಿತ್ತು. ಬೀಳ್ಲಿ ಅಂತ ನಾನು ಯಾವತ್ತೂ ಬೇಡ್ಕೊಂಡಿಲ್ಲ. ಆದ್ರೆ ಬಿದ್ರು ಅಂತ ಫೋನು ಬಂದ್ರೆ ಎದೆ ಹಗುರ ಆಗ್ತಿತ್ತು. ಅದು ನಿಜ. ಮೂರನೇ ತಿರುವಲ್ಲಿ ಚರಂಡಿ ಕಟ್ಟಿದೆ ಅಂತ ನನಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಬಾಯಿ ಬಿಡ್ಲಿಲ್ಲ. ಈ ದುಡ್ಡು ಬಂದ ಮೇಲೆ ಬಿಟ್ಟೆ. ಇದು ಬರದೇ ಇದ್ದಿದ್ರೆ ಇವತ್ತಿಗೂ ಬಿಡ್ತಿರ್ಲಿಲ್ಲ. ಈ ದುಡ್ಡು ನನ್ನ ಒಳ್ಳೆಯವನನ್ನಾಗಿ ಮಾಡ್ತು ಅಂತ ಹೇಳಲ್ಲ. ಕಣ್ಣಿಗೆ ಕಂಡಿದ್ದನ್ನ ನೋಡೋಕೆ ಧೈರ್ಯ ಕೊಡ್ತು. ಅಷ್ಟೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಲಗಡೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಅವನ ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಿತ್ತು.

"ನಾನು ಬಿದ್ದು ಆರು ವರ್ಷ ಆಯ್ತು," ಅಂದ. "ನನ್ನ ಗಾಡಿ ಎತ್ತಿದ್ದು ನೀನೇ. ಆಗ್ಲೂ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಗಡಿಯಾರದವನು ಸೊಟ್ಟ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತ.

ಸಭೆ ಮುಗಿದು ಹೊರಗೆ ಬಂದಾಗ ಭಾವ ಪಕ್ಕಕ್ಕೆ ಬಂದು ನಡೆಯತೊಡಗಿದ. ಸ್ವಲ್ಪ ದೂರ ಹೋದ ಮೇಲೆ, "ನನ್ನ ಹೆಸರು ಎತ್ತಲಿಲ್ಲ ನೀನು," ಅಂದ.

"ಅದು ನನ್ನ ಬಾಯಿ ಭಾವ. ನಿಮ್ಮ ಮಾತು ನೀವೇ ಹೇಳ್ಬೇಕು."

ಭಾವ ತಲೆಯಾಡಿಸಿದ. ಹೇಳುತ್ತೇನೆ ಅಂತಲೋ, ಆಗುವುದಿಲ್ಲ ಅಂತಲೋ ತಿಳಿಯಲಿಲ್ಲ.

ಪುರಸಭೆ ಮೀನ ಮೇಷ ಎಣಿಸಿ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಮುಂದಿನ ತಿಂಗಳ ಮೊದಲ ದಿನ ಖಾತೆಗೆ ಏನೂ ಬೀಳಲಿಲ್ಲ. ಕೊಕ್ಕೆಗೆ ಅಷ್ಟೊತ್ತಿಗೆ ಸಂಬಳವಿತ್ತು, ಹೇಗೋ ಆಯಿತು. ಇಲ್ಲದವರು ಮತ್ತೆ ಹಳೆಯ ದಾರಿಗಳಿಗೆ ಮರಳಿದರು. ಆ ಹಳೆಯ ದಾರಿಗಳಲ್ಲಿ ಇನ್ನೂ ಯಾರ್‍ಯಾರಿಗೆ ಏನೇನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೋ ಎಂದು ಅವನು ಆಗಾಗ ಯೋಚಿಸುತ್ತಿದ್ದ.

ಒಂದು ಶನಿವಾರ ಸಂಜೆ ಕೆಲಸ ಮುಗಿಸಿ ಗಡಿಯಾರದಂಗಡಿಗೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮೆಟ್ಟಿಲ ಹತ್ತಿರ ಚೆಲ್ಲಿಹೋಯಿತು. ಗಡಿಯಾರದವನು ತಲೆ ಎತ್ತಿ ನೋಡಿ, ಮತ್ತೆ ಬಗ್ಗಿದ. ಆಮೇಲೆ ಅವನು ಒಂದು ಕೈಗಡಿಯಾರವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ.

"ಹಿಂದಿನ ಮುಚ್ಚಳ ಬಿಗಿಯಾಗಿದೆ. ನನ್ನ ಕೈ ತಿರುಗಲ್ಲ. ತೆಗೆದುಕೊಡು."

ಕೊಕ್ಕೆ ಸ್ಟೂಲೆಳೆದು ಕೂತ. ಅಂಥವು ಇನ್ನೂ ಐದಿದ್ದವು. ಒಂದೊಂದಾಗಿ ತೆಗೆದುಕೊಟ್ಟ. ಗಡಿಯಾರದವನು ಧನ್ಯವಾದ ಹೇಳಲಿಲ್ಲ, ಕ್ಷಮೆಯ ಮಾತನ್ನೂ ಆಡಲಿಲ್ಲ. ಕೊಕ್ಕೆ ಏಳುವಾಗ ಮಾತ್ರ, "ಮುಂದಿನ ಶನಿವಾರಕ್ಕೆ ಇನ್ನೊಂದಷ್ಟು ಬರುತ್ತೆ," ಅಂದ.

"ಬರ್ತೀನಿ," ಅಂದ ಕೊಕ್ಕೆ.